ದಾರ ಹಿಡಿದ ಚಕ್ರದ ನೇರ

ಗ್ಯಾರೇಜಿನ ಲಕ್ಷಗಟ್ಟಲೆ ಬೆಲೆಯ ಅಲೈನ್‌ಮೆಂಟ್ ಯಂತ್ರದ ಮುಖ್ಯ ಕೆಲಸವೊಂದನ್ನು ಎರಡೆಳೆ ಗಾಳದ ದಾರ ಮನೆಯಂಗಳದಲ್ಲೇ ಮಾಡಿಕೊಡುತ್ತದೆ. ಎಷ್ಟೋ ರೇಸ್ ತಂಡಗಳು ಇಂದಿಗೂ ನಂಬುವುದು ಈ ದಾರವನ್ನೇ.

ನಾಲ್ಕು ಸ್ಟ್ಯಾಂಡ್ ನಿಲ್ಲಿಸಿ, ಚಕ್ರದ ನಡುಮಟ್ಟಕ್ಕೆ, ಕಾರಿನ ನಡುಗೆರೆಗೆ ಸಮಾನಾಂತರವಾಗಿ ಎರಡೂ ಬದಿ ದಾರ ಬಿಗಿಯಬೇಕು. ಬೆರಳು ತಾಗಿದರೆ ಮಿಡಿಯುವಷ್ಟು ಬಿಗಿ! ಆಮೇಲೆ ಅರ್ಧ ಮಿಲಿಮೀಟರ್ ಗೆರೆಗಳ ಸ್ಟೀಲ್ ಸ್ಕೇಲ್. ದಾರದಿಂದ ರಿಮ್ಮಿನ ಮುಂದಂಚಿಗೆ 102 ಮಿ.ಮೀ., ಹಿಂದಂಚಿಗೆ 100 ಬಂದರೆ ಚಕ್ರದ ಮುಂಭಾಗ ಒಳಕ್ಕೆ ವಾಲಿದೆ. ಅದೇ ಟೋ-ಇನ್.

ಎಲ್ಲಕ್ಕಿಂತ ಜಾಣತನದ್ದು ಚಕ್ರದಡಿಯ ಜೋಡಿ ತಗಡು. ನಡುವೆ ಗ್ರೀಸ್ ಸವರಿದರೆ, ಟೈರು ನೆಲ ಕಚ್ಚದೆ ಸಲೀಸಾಗಿ ಹೊರಳುತ್ತದೆ.

ಇನ್ನು ಟೋ ಸರಿಪಡಿಸಲು, ಚಕ್ರವನ್ನು ಸ್ಟೇರಿಂಗಿಗೆ ಜೋಡಿಸುವ ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡನ್ನು ಒಂದಿಷ್ಟು ತಿರುವಿದರೆ ಸಾಕು, ಸ್ಕೇಲಿನಲ್ಲಿ ಅಳತೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಸ್ಟೇರಿಂಗ್ ನೇರವಿರುವಂತೆ ಎರಡೂ ಬದಿ ಸಮನಾಗಿ ತಿರುವಿ, ನಟ್ ಬಿಗಿದು, ಮತ್ತೊಮ್ಮೆ ಅಳೆಯಬೇಕು.