ಸತ್ತ ಪೆನ್‌ಡ್ರೈವ್ ಮತ್ತು ಪಾಠಾಂತರದ ಪ್ರಶ್ನೆ

ಶಿಡ್ಲಘಟ್ಟದ ಮೇಷ್ಟ್ರೊಬ್ಬರು ಹದಿನೈದು ವರ್ಷ ಸುತ್ತಲಿನ ಊರುಗಳಲ್ಲಿ ಹಾಡು ಕೇಳಿ ಬರೆದುಕೊಂಡರು. ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಾ ಹೆಂಗಸರು ಹೇಳಿಕೊಳ್ಳುವ ಹಾಡು, ಮದುವೆಯ ಸೋಬಾನೆ, ಚಿಂತಾಮಣಿ ಕಡೆಯ ಭಜನೆ ಮನೆಗಳ ತತ್ವಪದ, ಗೌರಿಬಿದನೂರಿನ ಗಡಿ ಹಳ್ಳಿಗಳಲ್ಲಿ ಅರ್ಧ ತೆಲುಗು ಅರ್ಧ ಕನ್ನಡವಾಗಿ ನಡೆಯುವ ಪದಗಳು. ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಚಿಕ್ಕಬಳ್ಳಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ತಾವೇ ನುಡಿಯಲ್ಲಿ ಟೈಪ್ ಮಾಡಿದರು. ಟೈಪ್ ಆದ ಮೇಲೆ ನೋಟ್‌ಬುಕ್ಕುಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಕೆಲವನ್ನು ಗೆದ್ದಲು ತಿಂದಿತು, ಉಳಿದವು ಮನೆ ಬದಲಿಸುವಾಗ ಹೋದವು. ಕೊನೆಗೆ ಉಳಿದದ್ದು 8 ಜಿಬಿಯ ಒಂದು ಪೆನ್‌ಡ್ರೈವ್.

ಮೇಷ್ಟ್ರು ತೀರಿಕೊಂಡ ಆರು ತಿಂಗಳಿಗೆ ಅವರ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿದರೆ, ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬಂತು. ನನಗೆ ಫೋನ್ ಮಾಡಿ ಕೇಳಿದರು: “ಅಣ್ಣಾ, ಅಂಗಡಿಯವರು ಫಾರ್ಮ್ಯಾಟ್ ಮಾಡಿ ಅಂತಾರೆ. ಮಾಡಿದ್ರೆ ಅಪ್ಪನ ಹಾಡೆಲ್ಲ ಹೋಗ್ತಾವಾ?”

ಮಾಡಬೇಡಿ ಎಂದೆ. ಆ ನಂತರದ ಮೂರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಕಂಪ್ಯೂಟರಿನ ಪಾಲು ಸ್ವಲ್ಪವೇ. ಹೆಚ್ಚಿನದೆಲ್ಲ ಗ್ರಂಥಸಂಪಾದನೆಗೆ ಸೇರಿದ್ದು. ಅದಕ್ಕಾಗಿಯೇ ಈ ಬರಹ.

ಪೆನ್‌ಡ್ರೈವಿನಲ್ಲಿ ಎರಡು ಸಂಗತಿಗಳಿರುತ್ತವೆ. ಒಂದು, ಬರಹ. ಇನ್ನೊಂದು, ಯಾವ ಬರಹ ಎಲ್ಲಿದೆ, ಅದರ ಹೆಸರೇನು, ಯಾವ ದಿನ ಬರೆದದ್ದು ಎಂದು ಹೇಳುವ ಪಟ್ಟಿ. ಸಾಮಾನ್ಯವಾಗಿ ನಾವು ಕಡತ ಅಳಿಸಿದಾಗ ಬರಹ ಆ ಕ್ಷಣಕ್ಕೆ ಅಳಿಯುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅದು ಕೂತಿದ್ದ ಜಾಗ ಖಾಲಿ ಎಂದು ನಮೂದಾಗುತ್ತದೆ. ಆ ಜಾಗದಲ್ಲಿ ಬೇರೆಯದನ್ನು ಬರೆದಾಗ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ. ಆದ್ದರಿಂದ ಕೆಟ್ಟ ಪೆನ್‌ಡ್ರೈವಿನ ವಿಷಯದಲ್ಲಿ ಮೊದಲ ನಿಯಮ, ಅದರ ಮೇಲೆ ಏನನ್ನೂ ಬರೆಯಬಾರದು. ಎರಡನೆಯದು, ಅದರ ಬಿಟ್ಟುಬಿಟ್ಟು ಓದಿಸಿಕೊಳ್ಳುವ ಮೈಯನ್ನೆಲ್ಲ ಒಮ್ಮೆ ಪೂರ್ತಿ ನಕಲು ಮಾಡಿಕೊಂಡು, ಮುಂದಿನ ಕೆಲಸವನ್ನೆಲ್ಲ ನಕಲಿನ ಮೇಲೆ ನಡೆಸಬೇಕು. ಒಳಗಿನ ನಿಯಂತ್ರಕ ಚಿಪ್ಪೇ ಸತ್ತಿದ್ದರೆ ಪ್ರಯೋಗಾಲಯದವರೇ ಗತಿ. ನಮ್ಮದು ಅಷ್ಟು ಕೆಟ್ಟಿರಲಿಲ್ಲ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಎರಡು ರಾತ್ರಿ ಕೂತು ಓದಿತು. ಓದಲಾಗದ ಕಡೆ ಖಾಲಿ ಬಿಟ್ಟು ಮುಂದೆ ಹೋಯಿತು.

ಪಟ್ಟಿ ಹಾಳಾಗಿತ್ತು. ಪಟ್ಟಿಯನ್ನು ನಂಬದೆ ಬರಹದ ಗುರುತನ್ನೇ ಹುಡುಕುವ ಫೋಟೊರೆಕ್ ಎಂಬ ತಂತ್ರಾಂಶವಿದೆ. ಪ್ರತಿ ಬಗೆಯ ಕಡತಕ್ಕೂ ಆರಂಭದಲ್ಲಿ ತನ್ನದೇ ಮುದ್ರೆ ಇರುತ್ತದೆ. ಆ ಮುದ್ರೆ ಕಂಡ ಕಡೆಯಿಂದ ಅದು ಎತ್ತಿಕೊಡುತ್ತದೆ. ಹೆಸರು ಗೊತ್ತಿಲ್ಲವಾದ್ದರಿಂದ ಎಫ್ ಅಕ್ಷರದ ಮುಂದೆ ಒಂದು ಸಂಖ್ಯೆ ಹಾಕಿ ಕೊಡುತ್ತದೆ. ನಮಗೆ ಹೀಗೆ 214 ಕಡತಗಳು ಸಿಕ್ಕವು. ತೆರೆದರೆ ಒಂದರಲ್ಲೂ ಕನ್ನಡವಿಲ್ಲ.

ಹಳೆಯ ನುಡಿಯಲ್ಲಿ ಟೈಪ್ ಮಾಡಿದವರಿಗೆ ಇದು ಗೊತ್ತು. ಆ ಕಾಲದ ಅಕ್ಷರಮಾದರಿಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸುತ್ತಿದ್ದವು. ಹೊದಿಕೆ ತೆಗೆದರೆ ‘ಕನ್ನಡ’ ಎಂಬ ಪದವೇ ಪಿ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಎಂದು ಶುರುವಾಗುತ್ತದೆ. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿದ್ದರೂ, ಅದರಲ್ಲಿ ಕನ್ನಡಕ್ಕೆ ಜಾಗವಿದ್ದರೂ, ನಮ್ಮ ಊರುಗಳ ಡಿಟಿಪಿ ಅಂಗಡಿಗಳು ಅದರ ನಂತರವೂ ಬಹುಕಾಲ ಈ ಹೊದಿಕೆಯಲ್ಲೇ ನಡೆದವು. ಪರಿವರ್ತಕ ತಂತ್ರಾಂಶಕ್ಕೆ ಹಾಕಿದ ಮೇಲೆ ಅಕ್ಷರಗಳು ಒಂದೊಂದಾಗಿ ಕನ್ನಡವಾದವು. ಅರ್ಕಾವತ್ತುಗಳು ಕೆಲವು ಕಡೆ ತಪ್ಪಿದವು, ಕೆಲವು ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ಅಂಟಿಕೊಂಡವು. ಮೇಷ್ಟ್ರ ಮಗಳು ಪರದೆ ನೋಡುತ್ತಾ ಅಳಲಿಲ್ಲ, ಏನೂ ಹೇಳಲೂ ಇಲ್ಲ. ಮೊದಲ ಹಾಡನ್ನು ಜೋರಾಗಿ ಓದಿಕೊಂಡರು.

ಸಾಹಿತ್ಯದ ಪ್ರಶ್ನೆ ಶುರುವಾದದ್ದು ಇಲ್ಲಿಂದ. ನಮ್ಮ ಸಾಹಿತ್ಯಚರಿತ್ರೆಗೆ ಕಳೆದುಕೊಳ್ಳುವುದು ಹೊಸದೇನಲ್ಲ. ಅಲ್ಲಿಯೂ ನಷ್ಟ ಎರಡು ಬಗೆಯದು. ಒಂದರಲ್ಲಿ ಪಟ್ಟಿ ಉಳಿಯುತ್ತದೆ, ಬರಹ ಹೋಗುತ್ತದೆ. ‘ಕವಿರಾಜಮಾರ್ಗ’ ಹಿಂದಿನ ಗದ್ಯಕಾರರನ್ನು ನೆನೆಯುವಾಗ ದುರ್ವಿನೀತನ ಹೆಸರು ಹೇಳುತ್ತದೆ. ಈತ ಗಂಗ ದೊರೆ ದುರ್ವಿನೀತನೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಗಂಗರ ಬಿರುದುಗಳಲ್ಲಿ ಒಂದು ‘ನಂದಗಿರಿನಾಥ’, ಎಂದರೆ ಚಿಕ್ಕಬಳ್ಳಾಪುರದಿಂದ ಕಾಣುವ ಇದೇ ನಂದಿಬೆಟ್ಟದ ಒಡೆಯ. ಅವನು ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದು, ‘ಕಿರಾತಾರ್ಜುನೀಯ’ದ 15ನೇ ಸರ್ಗಕ್ಕೆ ಟೀಕೆ ಬರೆದನೆಂದು ತಾಮ್ರಶಾಸನ ಹೇಳುತ್ತದೆ. ಹೆಸರಿದೆ, ಕೃತಿಗಳ ವಿವರವೂ ಇದೆ. ಓದಲು ಒಂದು ಸಾಲೂ ಇಲ್ಲ.

ಇನ್ನೊಂದರಲ್ಲಿ ಬರಹ ಉಳಿಯುತ್ತದೆ, ಪಟ್ಟಿ ಹೋಗುತ್ತದೆ. ‘ವಡ್ಡಾರಾಧನೆ’ಯ 19 ಕಥೆಗಳು ನಮ್ಮ ಕೈಯಲ್ಲಿವೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಅದನ್ನು ಸಂಪಾದಿಸಿ ಕೊಟ್ಟರು. ಆದರೆ ಅದರ ನಿಜವಾದ ಹೆಸರು ಅದೇನಾ, ಕರ್ತೃ ಶಿವಕೋಟ್ಯಾಚಾರ್ಯನೇನಾ, ಕಾಲ ಯಾವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎಫ್ ಮುಂದೆ ಸಂಖ್ಯೆ ಹೊತ್ತ ನಮ್ಮ 214 ಕಡತಗಳೂ ಇದೇ ಜಾತಿಯವು. ಕನ್ನಡದ ಓದುಗರಿಗೆ ಯಾವ ನಷ್ಟ ಹೆಚ್ಚಿನದು ಎಂದು ಕೇಳಿದರೆ ಉತ್ತರಕ್ಕೆ ಯೋಚಿಸಬೇಕಿಲ್ಲ. ಹೆಸರಿಲ್ಲದ ‘ವಡ್ಡಾರಾಧನೆ’ಯನ್ನು ನಾವು ಓದುತ್ತೇವೆ.

ಹಾಗೆಂದು ಹೆಸರು, ದಿನಾಂಕ ಹೋದದ್ದು ಸಣ್ಣ ಸಂಗತಿಯೂ ಅಲ್ಲ. ಒಂದು ಹುಳು ಮನೆಯ ಹಾಡು ನಮಗೆ ಮೂರು ಕಡತಗಳಲ್ಲಿ ಸಿಕ್ಕಿತು. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ ಒಂದರಲ್ಲಿ ‘ಚಂದ್ರಂಕಿ’ ಎಂದಿದೆ, ಎರಡರಲ್ಲಿ ‘ಚಂದ್ರಿಕೆ’ ಎಂದಿದೆ. ಮೊದಲನೆಯದು ಈ ಸೀಮೆಯ ಬಾಯಿಮಾತು, ಎರಡನೆಯದು ಪುಸ್ತಕದ ಮಾತು. ಒಂದರಲ್ಲಿ ಒಂಬತ್ತು ನುಡಿ, ಇನ್ನೊಂದರಲ್ಲಿ ಏಳು. ಹೋದ ಎರಡರಲ್ಲಿ ಅತ್ತೆಯನ್ನು ಬೈಯುವ ಮಾತುಗಳಿವೆ. ಮೇಷ್ಟ್ರ ಕೊನೆಯ ತೀರ್ಮಾನ ಯಾವುದು?

ಹಸ್ತಪ್ರತಿಗಳನ್ನು ಹೋಲಿಸುವವರ ಬಳಿ ಇದಕ್ಕೆ ಒಂದು ಸೂತ್ರವಿದೆ. ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ, ಏಕೆಂದರೆ ನಕಲು ಮಾಡುವವನು ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ ತಿರುಗಿಸುತ್ತಾನೆ. ಇಲ್ಲಿ ಆ ಸೂತ್ರ ಪೂರ್ತಿ ಕೆಲಸ ಮಾಡುವುದಿಲ್ಲ. ಬರೆದವರೂ ತಿದ್ದಿದವರೂ ಒಬ್ಬರೇ. ಮೊದಲು ಮುದ್ರಣಕ್ಕೆ ಯೋಗ್ಯವಾಗಲಿ ಎಂದು ಶಿಷ್ಟಪದ ಹಾಕಿ, ಆಮೇಲೆ ಮನಸ್ಸು ಬದಲಾಗಿ ಊರಿನ ಮಾತಿಗೆ ವಾಪಸು ಬಂದಿರಬಹುದು. ತದ್ವಿರುದ್ಧವೂ ಆಗಿರಬಹುದು. ಕಡತದ ಹೊಟ್ಟೆಯೊಳಗೆ ಕೊನೆಯ ಬಾರಿ ಉಳಿಸಿದ ದಿನಾಂಕ ಇರುತ್ತದೆಂದು ಗೊತ್ತಾಗಿ ಅದನ್ನೂ ತೆಗೆದು ನೋಡಿದೆವು. ಮೂರೂ 2002ರ ಜನವರಿ 1 ಎಂದವು. ಅಂಗಡಿಯ ಆ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ದಿನವೂ ಅದಕ್ಕೆ ಅದೇ ಹೊಸವರ್ಷ.

ಇನ್ನೊಂದು ಕಡತ ಇನ್ನೂ ವಿಚಿತ್ರ. ವರ್ಡ್ ಅದನ್ನು ತೆರೆಯಲು ಒಪ್ಪಲಿಲ್ಲ. ಒಳಗಿನ ಅಕ್ಷರಗಳನ್ನಷ್ಟೇ ಹೊರತೆಗೆದರೆ, ಒಂದು ತತ್ವಪದ ನಾಲ್ಕನೆಯ ಸಾಲಿನವರೆಗೆ ಚೆನ್ನಾಗಿ ಬಂದು, ಅಲ್ಲಿಂದ ಯಾರದೋ ಗೃಹಪ್ರವೇಶದ ಆಮಂತ್ರಣವಾಗಿ ಮುಂದುವರಿಯಿತು. ಕಡತ ತುಂಡುತುಂಡಾಗಿ ಬೇರೆಬೇರೆ ಜಾಗದಲ್ಲಿ ಕೂತಿದ್ದಾಗ, ಪಟ್ಟಿ ಇಲ್ಲದ ತಂತ್ರಾಂಶ ಪಕ್ಕದ ಜಾಗದಲ್ಲಿದ್ದದ್ದನ್ನೇ ಮುಂದಿನ ಭಾಗವೆಂದು ತಿಳಿಯುತ್ತದೆ. ಪ್ರಕ್ಷಿಪ್ತ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ಸಿಕ್ಕಿರಲಿಲ್ಲ. ಆಮಂತ್ರಣವಾದ್ದರಿಂದ ಗುರುತು ಹಿಡಿದೆವು. ಅಲ್ಲಿ ಬಂದು ಕೂತದ್ದು ಇನ್ನೊಂದು ತತ್ವಪದವಾಗಿದ್ದರೆ? ಎರಡು ಪದ ಸೇರಿ ಒಂದಾಗಿ ಅಚ್ಚಾಗುತ್ತಿತ್ತು, ಯಾರಾದರೊಬ್ಬರು ಅದರ ‘ಅನಿರೀಕ್ಷಿತ ತಿರುವಿ’ನ ಬಗ್ಗೆ ಲೇಖನ ಬರೆಯುತ್ತಿದ್ದರು.

ಈ ಹಾಡುಗಳನ್ನು ಈಗ ಹೇಗೆ ಪ್ರಕಟಿಸಬೇಕು? ಸ್ನೇಹಿತರು ಕೊಟ್ಟ ಸಲಹೆ ಸರಳವಾದದ್ದು: ಮೂರರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಬಿಟ್ಟುಹೋದ ಸಾಲುಗಳನ್ನು ಧಾಟಿಗೆ ಹೊಂದುವಂತೆ ತುಂಬಿಸಿ, ಪುಸ್ತಕ ಮಾಡಿ. ನಮ್ಮ ಬಹುಪಾಲು ಜನಪದ ಗೀತಸಂಕಲನಗಳನ್ನು ಓದಿದಾಗ ಕಾಣುವುದೂ ಇಂಥ ನಯವಾದ ಒಂದೇ ಪಾಠ. ಹಾಡಿದವರು ಎಲ್ಲಿ ತಡೆದರು, ಸಂಗ್ರಾಹಕರು ಎಲ್ಲಿ ತಿದ್ದಿದರು, ಯಾವುದನ್ನು ಸಭ್ಯವಲ್ಲವೆಂದು ಬಿಟ್ಟರು ಎಂಬುದಕ್ಕೆ ಪುಟದಲ್ಲಿ ಗುರುತಿಲ್ಲ. ಪಂಪನ ಒಂದು ಅಕ್ಷರಕ್ಕೆ ಅಡಿಟಿಪ್ಪಣಿ ಹಾಕುವ ನಾವು, ಶಿಡ್ಲಘಟ್ಟದ ಹುಳು ಮನೆಯ ಹೆಂಗಸಿನ ಒಂದು ನುಡಿಯನ್ನು ಕೇಳದೆ ಕತ್ತರಿಸುತ್ತೇವೆ. ಇದು ವಿಮರ್ಶೆಯಲ್ಲಿ ನಾವು ಇಟ್ಟುಕೊಂಡಿರುವ ಪಂಕ್ತಿಭೇದ.

ಪೆನ್‌ಡ್ರೈವ್ ಕೆಟ್ಟಿರದಿದ್ದರೆ ಮೇಷ್ಟ್ರ ಪುಸ್ತಕವೂ ಹಾಗೆಯೇ ಬರುತ್ತಿತ್ತೇನೋ. ಕೆಟ್ಟದ್ದರಿಂದ, ಅವರು ಅಳಿಸಿದ್ದೂ ಮೇಲೆ ಬಂತು. ಅತ್ತೆಯನ್ನು ಬೈದ ಎರಡು ನುಡಿ ಮೇಲೆ ಬಂದದ್ದು ಹಾಗೆ. ಅವರು ಬೇಡವೆಂದದ್ದನ್ನು ಅಚ್ಚು ಹಾಕುವ ಅಧಿಕಾರ ನಮಗಿದೆಯೇ ಎಂದು ನಾನು ಅಳುಕಿದ್ದುಂಟು. ಅದು ಮೇಷ್ಟ್ರ ಸ್ವಂತ ಕವಿತೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆ ನುಡಿ ಅವರದಲ್ಲ, ಹಾಡಿದವರದು. ಆದ್ದರಿಂದ ಮೂರೂ ಪಾಠಗಳನ್ನು ಅಕ್ಕಪಕ್ಕ ಹಾಕುವುದೆಂದು ನಿರ್ಧರಿಸಿದೆವು. ಹೋದ ಕಡೆ ಚುಕ್ಕಿ. ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದಾಗ ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕಲ್ಲು ಸವೆದು ಓದಲಾಗದ ಕಡೆ ಅಲ್ಲಿ ಚುಕ್ಕಿಗಳಿವೆ. ಕಲ್ಲಿಗೆ ಕೊಟ್ಟ ಆ ಮರ್ಯಾದೆಯನ್ನು ಹಾಡಿಗೂ ಕೊಡಬಹುದು.

ಒಂದು ಸಂಗತಿಯಂತೂ ಈ ಕೆಲಸದಲ್ಲಿ ಮತ್ತೆಮತ್ತೆ ನೆನಪಾಯಿತು. ಪೊನ್ನ ‘ಶಾಂತಿಪುರಾಣ’ ಬರೆದ, ‘ಭುವನೈಕರಾಮಾಭ್ಯುದಯ’ವನ್ನೂ ಬರೆದ. ‘ಶಾಂತಿಪುರಾಣ’ಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅದು ನಮಗೆ ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ. ಎರಡರಲ್ಲಿ ಯಾವುದು ದೊಡ್ಡ ಕಾವ್ಯವಾಗಿತ್ತೋ ಹೇಳುವವರಾರು? ಸಾಹಿತ್ಯ ಉಳಿಯುವುದು ಯೋಗ್ಯತೆಯಿಂದ ಎಂಬ ನಂಬಿಕೆಯನ್ನು ಈ ಒಂದು ಜೋಡಿಯೇ ಅಲುಗಿಸಬೇಕು. ಕೈವಾರ ತಾತಯ್ಯನವರ ಪದಗಳು ಚಿಂತಾಮಣಿ ಸೀಮೆಯಲ್ಲಿ ಇಂದಿಗೂ ಬಾಯಲ್ಲಿವೆ. ಸಾವಿರ ಓಲೆಗರಿಯ ಕೆಲಸವನ್ನು ಅಲ್ಲಿ ಭಜನೆ ಮನೆಗಳು ಮಾಡಿವೆ. ಮೇಷ್ಟ್ರು ತಮ್ಮ ಹಾಡುಗಳನ್ನು ಸಾವಿರ ಬಾಯಿಂದ ತೆಗೆದು ಒಂದು ಪ್ಲಾಸ್ಟಿಕ್ ತುಂಡಿನಲ್ಲಿ ಇಟ್ಟರು. ಉಳಿಸಲು ಹೊರಟವರೆಲ್ಲರ ಮುಂದಿರುವ ಅಪಾಯ ಇದು. ಬರೆದುಕೊಂಡೆವಲ್ಲ ಎಂಬ ನಿಶ್ಚಿಂತೆಯಲ್ಲಿ ಕೇಳುವುದು ನಿಲ್ಲುತ್ತದೆ.

ಗೃಹಪ್ರವೇಶವಾಗಿ ಮುಗಿದ ಆ ತತ್ವಪದದ ಉಳಿದ ಸಾಲಿಗಾಗಿ ನಾವಿಬ್ಬರೂ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಅಲ್ಲಿಯ ಅಜ್ಜಿಗೆ ಪದ ಗೊತ್ತಿತ್ತು. ನಮ್ಮ ಹಾಳೆಯಲ್ಲಿದ್ದ ನಾಲ್ಕು ಸಾಲನ್ನು ಓದಿ ಹೇಳಿದೆವು. “ನಿಮ್ಮಪ್ಪ ಬರೆದಿದ್ದು ಹಿಂಗಾ? ಹಿಂಗಲ್ಲಮ್ಮ ಅದು,” ಎಂದು ಮೊದಲನೆಯ ಸಾಲಿನಿಂದಲೇ ಬೇರೆಯಾಗಿ ಹಾಡಿದರು, ನಡುವೆ ಎರಡು ಸಾಲು ತೆಲುಗು. ಮೇಷ್ಟ್ರ ಐದನೆಯ ಸಾಲು ಏನಿತ್ತೆಂದು ಇನ್ನು ತಿಳಿಯುವುದಿಲ್ಲ. ಅಲ್ಲಿ ಚುಕ್ಕಿಗಳೇ ಇರುತ್ತವೆ. ಅದರ ಪಕ್ಕಕ್ಕೆ ಅಜ್ಜಿಯ ಪದ ನಾಲ್ಕನೆಯ ಪಾಠವಾಗಿ ಬರುತ್ತದೆ. ಸಂಜೆಯ ಬಸ್ಸಿನಲ್ಲಿ ವಾಪಸಾಗುವಾಗ ಮಗಳು ಧ್ವನಿಮುದ್ರಣವನ್ನು ನನ್ನ ಫೋನಿಗೂ ತಮ್ಮನ ಫೋನಿಗೂ ಕಳಿಸಿ, ಸಂಗ ಬಿಡದ ಹಾಗೆ ಮತ್ತೊಮ್ಮೆ ಆ ಪದವನ್ನು ಗುನುಗಿಕೊಂಡರು.