ತೆರೆಯ ಮೇಲಿನ ಮುಗ್ಧರು, ಮನೆಯಂಗಳದ ಮಕ್ಕಳು

ಚಲನಚಿತ್ರ, ದೂರದರ್ಶನಗಳು ಕೇವಲ ಮನರಂಜನೆಯ ಸಾಧನಗಳೆಂದು ಹೇಳಿ ಸುಮ್ಮನಾಗುವವರುಂಟು. ಆದರೆ ನಾವು ಕಾಣದ ಊರುಗಳನ್ನೂ ಒಡನಾಡದ ಮನುಷ್ಯರನ್ನೂ ಇಂದು ಅರಿಯುವುದು ಬಹುಮಟ್ಟಿಗೆ ತೆರೆಯ ಮೂಲಕವೇ. ಹಾಗೆ ಅರಿತದ್ದು ತಪ್ಪಾಗಿದ್ದರೆ ಅದರ ಫಲವನ್ನು ಉಣ್ಣುವವರು ಪ್ರೇಕ್ಷಕರಲ್ಲ. ಯಾರ ಹೆಸರಿನಲ್ಲಿ ಕಥೆ ನಡೆಯಿತೋ ಅವರು, ಮತ್ತು ಅವರನ್ನು ಹೆತ್ತವರು.

ಆಲೂಗಡ್ಡೆ ಕೀಳುವ ದಿನಗಳಲ್ಲಿ ಒಮ್ಮೆ ಶಾಂತಿಗ್ರಾಮಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ಪರಿಚಿತರ ಮನೆಗೆ ಹೋಗಿದ್ದೆನು. ಜಗಲಿಯ ಮೇಲೆ ಒಂಬತ್ತು ವರ್ಷದ ಬಾಲಕನು ಆಲೂಗಡ್ಡೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಿದ್ದನು. ಹಾದುಹೋಗುವವರ ಕಾಲು ತಗುಲಿ ಒಂದು ಗೆಡ್ಡೆ ಉರುಳಿತು. ಬಾಲಕನು ಕಿವಿಗಳನ್ನು ಮುಚ್ಚಿಕೊಂಡು ಚೀರತೊಡಗಿದನು; ಗೆಡ್ಡೆ ಮರಳಿ ತನ್ನ ಸ್ಥಾನಕ್ಕೆ ಬಂದ ಮೇಲೆಯೇ ಶಾಂತನಾದನು. ಅವನಿಗೆ ಮಾತು ಬಂದಿರಲಿಲ್ಲ. ಅವನ ತಾಯಿ ನನ್ನನ್ನು ಒಳಗೆ ಕರೆದು ಮೆಲ್ಲನೆ ಕೇಳಿದಳು: “ಮೇಷ್ಟ್ರೇ, ಟೀವಿಲಿ ಒಂದು ಸಿನಿಮಾ ತೋರಿಸಿದ್ರು. ಅದ್ರಲ್ಲೂ ಹಿಂಗೇ ಒಬ್ಬ ಹುಡುಗ. ಎಷ್ಟು ದೊಡ್ಡ ಲೆಕ್ಕ ಕೊಟ್ರೂ ಬಾಯಲ್ಲೇ ಹೇಳ್ತಿದ್ದ. ನಮ್ಮ ಹೈದನ ಒಳಗೂ ಅಂಥ ವಿದ್ಯೆ ಏನಾದ್ರೂ ಇದ್ದಾತಾ? ಅದು ಯಾವಾಗ ಈಚೆಗೆ ಬಂದಾತು?”

ಆ ದಿನ ನಾನು ಉತ್ತರ ಕೊಡಲಾರದೆ ಹೋದೆನು. ಈ ಲೇಖನವು ಆ ಪ್ರಶ್ನೆಯಿಂದ ಹುಟ್ಟಿದ್ದು.

ವೈದ್ಯರು ‘ಆಟಿಸಂ’ ಎಂದೂ ಕನ್ನಡದಲ್ಲಿ ‘ಸ್ವಲೀನತೆ’ ಎಂದೂ ಕರೆಯುವ ಈ ಸ್ಥಿತಿಯನ್ನು ಅಮೆರಿಕದ ಲಿಯೋ ಕ್ಯಾನರ್ ೧೯೪೩ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತ ಪ್ರಬಂಧದಲ್ಲಿ ವರ್ಣಿಸಿದನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳನ್ನು ಕುರಿತು ಬರೆದನು. ಇದು ಹುಚ್ಚಲ್ಲ, ಅಂಟುವ ರೋಗವೂ ಅಲ್ಲ. ಮಿದುಳಿನ ಬೆಳವಣಿಗೆಯೇ ಬೇರೊಂದು ರೀತಿಯಲ್ಲಿ ಸಾಗಿರುವುದರಿಂದ ಮಾತು, ಒಡನಾಟ, ಧ್ವನಿ, ಬೆಳಕು, ಸ್ಪರ್ಶಗಳು ಇಂಥವರಿಗೆ ನಮಗಾಗುವಂತೆ ಅನುಭವವಾಗುವುದಿಲ್ಲ. ಕೆಲವರು ಜೀವಮಾನವಿಡೀ ಮಾತನಾಡುವುದಿಲ್ಲ. ಕೆಲವರು ಪದವೀಧರರಾಗಿ ಉದ್ಯೋಗದಲ್ಲಿದ್ದಾರೆ. ಕೆಲವರಿಗೆ ಬುದ್ಧಿಮಾಂದ್ಯವೂ ಜೊತೆಗೂಡಿರುತ್ತದೆ, ಹಲವರಿಗೆ ಇರುವುದಿಲ್ಲ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆಂಬ ಕ್ರೂರವಾದ ವಾದವೊಂದು ಕಳೆದ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿತ್ತು. ಅದು ನಿರಾಧಾರವೆಂದು ಸಿದ್ಧವಾಗಿ ದಶಕಗಳೇ ಸಂದಿವೆ.

ನಮ್ಮ ಹಳ್ಳಿಗಳಲ್ಲಿ ಈ ಸ್ಥಿತಿಗೆ ಪ್ರತ್ಯೇಕವಾದ ಹೆಸರಿರಲಿಲ್ಲ. ಮಂಕ, ಪೆದ್ದ, ಮರುಳ, ಅರೆಹುಚ್ಚ ಎಂಬ ಮಾತುಗಳೇ ಬಳಕೆಯಲ್ಲಿದ್ದವು. ನಮ್ಮ ಚಿತ್ರರಂಗವು ಆ ಮಾತುಗಳನ್ನು ಹಾಗೆಯೇ ಎತ್ತಿಕೊಂಡಿತು. ಪೆದ್ದನು ನಾಯಕನ ಬೆನ್ನಿಗೆ ನಿಂತು ನಗಿಸುವ ಹಾಸ್ಯಪಾತ್ರವಾದನು. ಇಲ್ಲವೆ ನಾಯಕನೇ ಆಗಿ ಕಣ್ಣೀರು ಬರಿಸುವ ಮುಗ್ಧನಾದನು. ಇವೆರಡರ ನಡುವೆ ಬದುಕುವ ನಿಜವಾದ ಮನುಷ್ಯನು ತೆರೆಗೆ ಬಂದುದು ತೀರ ಅಪರೂಪ.

ಹಾಗೆಂದು ಮನಸ್ಸಿನ ವಿಷಯವನ್ನು ಗಂಭೀರವಾಗಿ ನೋಡುವ ಶಕ್ತಿ ಕನ್ನಡ ಚಿತ್ರಕ್ಕೆ ಇರಲಿಲ್ಲವೆಂದಲ್ಲ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ‘ಶರಪಂಜರ’ವನ್ನು ನಮ್ಮ ಪೀಳಿಗೆಯವರು ಮರೆಯಲಾರರು. ಅದು ಸ್ವಲೀನತೆಯ ಕಥೆಯಲ್ಲ. ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಹೆಂಗಸಿನ ಕಥೆ. ಆದರೂ ಅದನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕಲ್ಪನಾ ಅಭಿನಯಿಸಿದ ಕಾವೇರಿಯನ್ನು ಆ ಚಿತ್ರವು ಹೊರಗಿನಿಂದ ನೋಡಿ ಮರುಗುವುದಿಲ್ಲ; ಅವಳ ಪಕ್ಕದಲ್ಲಿ ನಿಂತು, ಅವಳನ್ನು ನೋಡುತ್ತಿರುವ ಮನೆಯವರನ್ನೂ ನೆರೆಯವರನ್ನೂ ನಮಗೆ ತೋರಿಸುತ್ತದೆ. ಗುಣವಾದವಳನ್ನು ಗುಣವಾದಳೆಂದು ನಂಬಲಾರದ ಲೋಕವೇ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಪಾತ್ರದ ದುಃಖಕ್ಕಾಗಿ ನಾವು ಅತ್ತೆವೋ, ನಮ್ಮ ನಡತೆಗಾಗಿ ನಾಚಿದೆವೋ ಎಂಬ ಪ್ರಶ್ನೆಯನ್ನು ಇಂಥ ಪ್ರತಿಯೊಂದು ಚಿತ್ರಕ್ಕೂ ಕೇಳಬೇಕು.

ಈ ಅಳತೆಗೋಲಿನಿಂದ ೨೦೦೩ರ ‘ಸ್ವಾತಿಮುತ್ತು’ ಚಿತ್ರವನ್ನು ನೋಡೋಣ. ಕೆ. ವಿಶ್ವನಾಥರು ೧೯೮೬ರಲ್ಲಿ ಕಮಲಹಾಸನರನ್ನು ನಾಯಕರನ್ನಾಗಿ ಮಾಡಿ ತೆಗೆದ ತೆಲುಗಿನ ‘ಸ್ವಾತಿಮುತ್ಯಂ’ ಇದರ ಮೂಲ. ಕನ್ನಡದಲ್ಲಿ ಡಿ. ರಾಜೇಂದ್ರಬಾಬು ನಿರ್ದೇಶಿಸಿದರು, ಸುದೀಪ್ ಮತ್ತು ಮೀನಾ ಅಭಿನಯಿಸಿದರು. ಚಿತ್ರದ ಶಿವಯ್ಯನನ್ನು ಈಚಿನ ಬರಹಗಳಲ್ಲಿ ಸ್ವಲೀನನೆಂದು ಗುರುತಿಸುವುದುಂಟು. ಕಥೆಗೆ ಮಾತ್ರ ಅವನು ಲೋಕವ್ಯವಹಾರ ಅರಿಯದ ಮುಗ್ಧ. ಈ ಚಿತ್ರದ ಗುಣವನ್ನು ಮೊದಲು ಹೇಳಬೇಕು. ಇಂಥ ಮನುಷ್ಯನಿಗೂ ದುಡಿಮೆ, ಸಂಸಾರ, ವೃದ್ಧಾಪ್ಯಗಳು ಉಂಟೆಂದು ಅದು ತೋರಿಸಿತು. ನೋಡಿದವರ ಮನಸ್ಸಿನಲ್ಲಿ ತಿರಸ್ಕಾರವು ಕರಗಿ ವಾತ್ಸಲ್ಯ ಹುಟ್ಟಿತು. ಸುದೀಪರ ಅಭಿನಯವೂ ಶ್ರದ್ಧೆಯಿಂದ ಕೂಡಿದ್ದು. ಅದಕ್ಕೆ ಫಿಲಂಫೇರ್ ಪ್ರಶಸ್ತಿ ದೊರೆತುದು ಅನುಚಿತವಲ್ಲ.

ಆದರೆ ಕಥೆಯ ತಿರುವನ್ನು ಗಮನಿಸಿ. ದೇವರ ಉತ್ಸವದ ಸಂದರ್ಭದಲ್ಲಿ ಶಿವಯ್ಯನು ಮಗುವುಳ್ಳ ತರುಣ ವಿಧವೆಯ ಕೊರಳಿಗೆ, ಅವಳನ್ನು ಕೇಳದೆಯೇ, ತಾಳಿ ಕಟ್ಟಿಬಿಡುತ್ತಾನೆ. ವಿಧವಾವಿವಾಹಕ್ಕೆ ಅಡ್ಡಬರುವ ಸಮಾಜವನ್ನು ವಾದದಿಂದ ಗೆಲ್ಲಬೇಕಾದ ಕಡೆಯಲ್ಲಿ ಕಥೆಗಾರರು ಒಬ್ಬ ಮುಗ್ಧನ ಕೈಯನ್ನು ಬಳಸಿಕೊಂಡರು. ಅವನಿಗೆ ಅರಿವಿಲ್ಲವೆಂದು ನಾವು ಕ್ಷಮಿಸುತ್ತೇವೆ. ಅವಳ ಒಪ್ಪಿಗೆಯ ಮಾತು ಹಿಂದೆ ಸರಿಯುತ್ತದೆ. ಅವನ ಸ್ಥಿತಿಯು ಕಥೆಯ ಗಂಟನ್ನು ಬಿಡಿಸುವ ಉಪಾಯವಾಗುತ್ತದೆಯೇ ಹೊರತು ಅವನ ಬದುಕಿನ ಸತ್ಯವಾಗಿ ಉಳಿಯುವುದಿಲ್ಲ.

ಈ ದೋಷವು ತೆರೆಯ ಮೇಲೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ನಂಬಿಕೆ ನಮ್ಮ ಕುಟುಂಬಗಳಲ್ಲಿ ಇಂದಿಗೂ ಜೀವಂತವಾಗಿದೆ. ಆ ನಂಬಿಕೆಯಿಂದ ವಿಷಯವನ್ನು ಮುಚ್ಚಿಟ್ಟು ಮಾಡಿದ ಮದುವೆಗಳಲ್ಲಿ ಬಳಲಿದ ಇಬ್ಬಿಬ್ಬರನ್ನು ಓದುಗರಲ್ಲಿ ಹಲವರು ಬಲ್ಲರು. ಸ್ವಲೀನರು ಮದುವೆಯಾಗಬಾರದೆಂದು ನಾನು ಹೇಳುತ್ತಿಲ್ಲ. ಅರಿತು, ಒಪ್ಪಿ ಮದುವೆಯಾದವರು ಎಷ್ಟೋ ಜನರಿದ್ದಾರೆ. ಮದುವೆಯನ್ನು ಔಷಧವನ್ನಾಗಿ ಮಾಡಿದಾಗ ಅನ್ಯಾಯವಾಗುವುದು ಇಬ್ಬರಿಗೆ.

ಇನ್ನು ಆ ತಾಯಿಯನ್ನು ಕಾಡಿದ ‘ಒಳಗಿನ ವಿದ್ಯೆ’ಯ ಮಾತು. ಇದರ ಬೇರು ೧೯೮೮ರ ‘ರೇನ್ ಮ್ಯಾನ್’ ಎಂಬ ಅಮೆರಿಕದ ಚಿತ್ರದಲ್ಲಿದೆ. ಡಸ್ಟಿನ್ ಹಾಫ್‌ಮನ್ ಅಭಿನಯಿಸಿದ ರೇಮಂಡನು ಚೆಲ್ಲಿದ ಕಡ್ಡಿಗಳನ್ನು ಕಣ್ಣಳತೆಯಲ್ಲೇ ಎಣಿಸುತ್ತಾನೆ. ಇಸ್ಪೀಟೆಲೆಗಳನ್ನು ನೆನಪಿಟ್ಟುಕೊಂಡು ತಮ್ಮನಿಗೆ ಜೂಜಿನಲ್ಲಿ ಹಣ ಗೆಲ್ಲಿಸುತ್ತಾನೆ. ಚಿತ್ರಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಬಂದವು. ಆಟಿಸಂ ಎಂಬ ಶಬ್ದವು ಲೋಕದ ಕಿವಿಗೆ ಬಿದ್ದುದು ಬಹುಮಟ್ಟಿಗೆ ಅದರಿಂದಲೇ. ಆ ಉಪಕಾರವನ್ನು ಒಪ್ಪಿಕೊಳ್ಳೋಣ. ಆದರೆ ಕಥೆಗೆ ಪ್ರಧಾನ ಪ್ರೇರಣೆಯಾಗಿದ್ದ ಕಿಮ್ ಪೀಕ್ ಎಂಬ ಅಸಾಧಾರಣ ಸ್ಮರಣಶಕ್ತಿಯ ವ್ಯಕ್ತಿಗೆ ಆಟಿಸಂ ಇರಲಿಲ್ಲವೆಂದೇ ಮುಂದೆ ತಜ್ಞರು ಅಭಿಪ್ರಾಯಪಟ್ಟರು. ಅಂಥ ಅದ್ಭುತಶಕ್ತಿ ಸ್ವಲೀನರಲ್ಲಿ ಕೆಲವರಿಗೆ ಮಾತ್ರ ಇರುವುದು. ಆದರೂ ಆ ಅಚ್ಚಿನಲ್ಲಿಯೇ ಅನಂತರದ ಪಾತ್ರಗಳು ಮೂಡಿದವು. ೨೦೧೭ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ದಿ ಗುಡ್ ಡಾಕ್ಟರ್’ ಧಾರಾವಾಹಿಯ ಶಸ್ತ್ರವೈದ್ಯನೂ, ೨೦೨೨ರ ಕೊರಿಯಾದ ಧಾರಾವಾಹಿಯ ವಕೀಲೆ ವೂ ಯಂಗ್‌ವೂ ಎಂಬವಳೂ ತಮ್ಮ ಬುದ್ಧಿಯ ಬಲದಿಂದಲೇ ಸಮಾಜದ ಮನ್ನಣೆ ಗಳಿಸುವವರು. ಬುದ್ಧಿಬಲವಿಲ್ಲದವನಿಗೆ ಮನ್ನಣೆಯೆಲ್ಲಿ ಎಂಬ ಪ್ರಶ್ನೆಗೆ ಈ ಕಥೆಗಳಲ್ಲಿ ಉತ್ತರವಿಲ್ಲ.

ನಮ್ಮ ದೇಶದ ಚಿತ್ರಗಳಲ್ಲಿ ೨೦೧೦ರ ‘ಮೈ ನೇಮ್ ಈಸ್ ಖಾನ್’ ಸದ್ದನ್ನೂ ಕೆಲವು ಬಣ್ಣವನ್ನೂ ಸಹಿಸಲಾರದ ನಾಯಕನನ್ನು ತೋರಿಸಿತು. ಇಂದ್ರಿಯಗಳ ಈ ಸಂಕಟವನ್ನು ದೊಡ್ಡ ಪ್ರೇಕ್ಷಕವರ್ಗಕ್ಕೆ ತಿಳಿಸಿದುದು ಅದರ ಹಿರಿಮೆ. ಕಡೆಗೆ ಅವನನ್ನು ದೇಶವನ್ನೇ ದಾಟಿ ರಾಷ್ಟ್ರಾಧ್ಯಕ್ಷನನ್ನು ಕಾಣುವ ವೀರನನ್ನಾಗಿಸದೆ ಅದಕ್ಕೆ ತೃಪ್ತಿಯಾಗಲಿಲ್ಲ. ೨೦೧೨ರ ‘ಬರ್ಫಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ಅಭಿನಯಿಸಿದ ಝಿಲ್ಮಿಲ್ ಎಂಬ ತರುಣಿಯು ಮನೆಯವರಿಗೆ ಬೇಡವಾದವಳು, ಪ್ರೀತಿಸುವ ಹಕ್ಕು ಅವಳಿಗೂ ಉಂಟೆಂದು ಚಿತ್ರ ಸಾರಿತಾದರೂ ಅವಳನ್ನು ಮಗುವಿನಂತೆಯೇ ಚಿತ್ರಿಸಿತು. ಕಿರುತೆರೆಯಲ್ಲಿ ೨೦೦೯ರ ಹಿಂದಿ ಧಾರಾವಾಹಿ ‘ಆಪ್ ಕೀ ಅಂತರಾ’ ಸ್ವಲೀನ ಬಾಲಕಿಯೊಬ್ಬಳನ್ನೇ ಕೇಂದ್ರವಾಗಿಸಿಕೊಂಡು ದಿನನಿತ್ಯ ಮನೆಮನೆಗೆ ಬಂದಿತು.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದುದು ೨೦೧೩ರ ತಮಿಳು ಚಿತ್ರ ‘ಹರಿದಾಸ್’. ನಮ್ಮ ಕನ್ನಡದ ನಟ ಕಿಶೋರ್ ಅದರಲ್ಲಿ ತಂದೆಯ ಪಾತ್ರ ವಹಿಸಿದ್ದಾರೆ. ಇಂಥ ಮಗುವಿನ ಭಾರವೆಲ್ಲ ತಾಯಿಯದೇ ಎಂದು ಬಗೆಯುವ ನಾಡಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬನು ಮಗನ ಜೊತೆ ಕುಳಿತು ಅವನ ರೀತಿಯನ್ನು ಕಲಿಯುವುದನ್ನು ಅದು ತೋರಿಸಿತು. ಅಲ್ಲಿಯೂ ಬಾಲಕನು ಓಟದಲ್ಲಿ ಮೆರೆಯಬೇಕಾಗುತ್ತದೆ. ಆದರೆ ಓಟಕ್ಕೆ ಮೊದಲಿನ ದೃಶ್ಯಗಳಲ್ಲಿ ಮಗನು ಬದಲಾಗುವುದಕ್ಕಿಂತ ಹೆಚ್ಚಾಗಿ ಬದಲಾಗುವವನು ತಂದೆ.

ಪಾತ್ರವನ್ನು ಯಾರು ವಹಿಸಬೇಕೆಂಬ ಚರ್ಚೆಯೂ ಈಗ ಬೆಳೆದಿದೆ. ೨೦೨೫ರಲ್ಲಿ ಆಮೀರ್ ಖಾನ್ ಅಭಿನಯದ ‘ಸಿತಾರೆ ಜಮೀನ್ ಪರ್’ ಚಿತ್ರದಲ್ಲಿ ಸ್ವಲೀನತೆ, ಡೌನ್ ಸಿಂಡ್ರೋಮ್ ಮುಂತಾದ ಸ್ಥಿತಿಗಳುಳ್ಳ ಹತ್ತು ಮಂದಿ ತಾವೇ ಪಾತ್ರವಹಿಸಿದರು. ಕಥೆ ಸ್ಪೇನ್ ದೇಶದ ಚಿತ್ರವೊಂದರಿಂದ ಬಂದುದು. ಕ್ರೀಡಾಚಿತ್ರದ ಹಳೆಯ ಜಾಡು. ಆದರೆ ಅವರ ನಗು, ಹಠ, ತುಂಟತನಗಳು ಯಾವ ನಟನೂ ಅಭ್ಯಾಸದಿಂದ ತರಲಾಗದಂಥವು. ಅದಕ್ಕೆ ಹಿಂದಿನ ವರ್ಷ, ೨೦೨೪ರ ಜುಲೈ ೮ರಂದು, ಸರ್ವೋಚ್ಚ ನ್ಯಾಯಾಲಯವು ದೃಶ್ಯಮಾಧ್ಯಮಗಳಲ್ಲಿ ಅಂಗವಿಕಲರ ಚಿತ್ರಣವನ್ನು ಕುರಿತು ಮಾರ್ಗಸೂಚಿಗಳನ್ನು ನೀಡಿತು. ಅಂಗವಿಕಲತೆಯನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಅದು ವಿವೇಚಿಸಿತು. ಅವರನ್ನು ಕುರಿತ ಕೃತಿಯಲ್ಲಿ ಅವರೂ ಪಾಲ್ಗೊಳ್ಳಬೇಕೆಂದು ಹೇಳಿತು. ನಮ್ಮ ಕನ್ನಡದ ಹಾಸ್ಯಚಿತ್ರಗಳನ್ನು ಬರೆಯುವವರು ಈ ತೀರ್ಪನ್ನು ಒಮ್ಮೆ ಓದಬೇಕು.

ತೆರೆಯು ಇನ್ನೂ ತೋರಿಸದಿರುವುದು ಯಾವುದು? ಜಾತ್ರೆಯ ಧ್ವನಿವರ್ಧಕ ಕೂಗಿದಾಗ ಮಗುವನ್ನು ಎತ್ತಿಕೊಂಡು ತೋಟದ ಕಡೆಗೆ ಓಡುವ ತಾಯಿ. ಒಂದೇ ಬಗೆಯ ಅನ್ನವನ್ನೇ ಉಣ್ಣುವ ಮಗನನ್ನು ಹಟಮಾರಿಯೆಂದು ಜರೆಯುವ ಬಂಧುಗಳು. ಬಸ್ಸಿನಲ್ಲಿ ತಿರುತಿರುಗಿ ನೋಡುವ ಕಣ್ಣುಗಳು. ಮಗನಿಗೆ ಮೂವತ್ತಾದಾಗ ತಮಗೆ ಎಪ್ಪತ್ತಾಗುವುದೆಂದು ರಾತ್ರಿ ಎಚ್ಚರವಾಗಿ ಲೆಕ್ಕ ಹಾಕುವ ತಂದೆ. ಇವುಗಳಲ್ಲಿ ಗೆಲುವಿನ ಘೋಷವಿಲ್ಲ. ಆದುದರಿಂದಲೇ ಕಥೆಗಾರರು ಇತ್ತ ತಿರುಗಿ ನೋಡಿಲ್ಲ.

ಶೂನ್ಯಸಂಪಾದನೆಯ ಮರುಳಶಂಕರದೇವರ ಪ್ರಸಂಗವು ನಮ್ಮ ಓದುಗರಿಗೆ ಪರಿಚಿತವಾದುದು. ಬಸವಣ್ಣನವರ ಮಹಾಮನೆಯಲ್ಲಿ ಹನ್ನೆರಡು ವರ್ಷ ಎಲ್ಲರ ಕಣ್ಣಿಗೂ ಮರುಳನಾಗಿಯೇ ಇದ್ದವರನ್ನು ಅಲ್ಲಮಪ್ರಭುಗಳು ಬಂದು ಗುರುತಿಸಿದರು. ಈ ಕಥೆಯನ್ನು ಕೇಳಿ, ಪ್ರತಿಯೊಬ್ಬ ಮರುಳನ ಒಳಗೂ ಮಹಾತ್ಮನೊಬ್ಬನು ಅಡಗಿರುವನೆಂದು ತಿಳಿಯುವುದು ಸುಲಭ. ಹಾಗೆ ತಿಳಿದರೆ ನಾವೂ ‘ರೇನ್ ಮ್ಯಾನ್’ ಚಿತ್ರದ ದಾರಿಯನ್ನೇ ಹಿಡಿದಂತಾಗುವುದು. ನನ್ನ ಅಲ್ಪಮತಿಗೆ ತೋರುವುದು ಬೇರೊಂದು: ಕಣ್ಣೆದುರಿಗಿದ್ದವರನ್ನು ಹನ್ನೆರಡು ವರ್ಷ ನೋಡದೆ ಇದ್ದೆವಲ್ಲ ಎಂಬ ಮನೆಯವರ ಪಶ್ಚಾತ್ತಾಪವೇ ಅಲ್ಲಿ ನಮಗೆ ಪಾಠ.

ಆ ಪಶ್ಚಾತ್ತಾಪ ನನ್ನದೂ ಹೌದು. ನಾಲ್ಕು ದಶಕಗಳ ಹಿಂದೆ ನನ್ನ ತರಗತಿಯಲ್ಲಿ ಕಿಟಕಿಯ ಸರಳುಗಳನ್ನೇ ಮುಟ್ಟಿ ಮುಟ್ಟಿ ಕುಳಿತಿರುತ್ತಿದ್ದ ಹುಡುಗನೊಬ್ಬನಿದ್ದನು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನಾನು ಅವನನ್ನು ಮಂಕನೆಂದು ಕರೆದು ಹಿಂದಿನ ಸಾಲಿಗೆ ಕಳುಹಿಸಿದೆನು, ತರಗತಿ ನಕ್ಕಿತು. ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟನು. ಅಂದು ನನಗೆ ಈ ಸ್ಥಿತಿಯ ಹೆಸರು ತಿಳಿದಿರಲಿಲ್ಲವೆಂಬುದು ನಿಜ. ಹೆಸರು ತಿಳಿಯದಿದ್ದರೂ ನಗದೆ ಇರಬಹುದಾಗಿತ್ತು.

ಇಂದು ತಿಳಿಯದೆನ್ನಲು ಕಾರಣವಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಸ್ವಲೀನತೆಯನ್ನು ಗುರುತಿಸಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನು ಇಪ್ಪತ್ತೊಂದು ಬಗೆಗಳಲ್ಲಿ ಒಂದಾಗಿ ಎಣಿಸಿ ಶಿಕ್ಷಣದ ಹಕ್ಕನ್ನು ಖಚಿತಪಡಿಸಿತು. ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಜಿಲ್ಲೆಯವರಿಗೆ ದೂರದ್ದಲ್ಲ. ಎರಡು ವರ್ಷವಾದರೂ ಮಾತು ಬಾರದ, ಹೆಸರಿಗೆ ಓಗೊಡದ ಮಗುವನ್ನು ‘ತಡವಾಗಿ ಮಾತು ಬರುವ ವಂಶ’ ಎಂದು ಕಾಯುತ್ತ ಕೂರದೆ ಬೇಗನೆ ತೋರಿಸುವುದು ಮೇಲು.

ಆ ತಾಯಿಯನ್ನು ಮತ್ತೆ ಕಂಡೆನು. ಅವರು ಮಗನನ್ನು ಕರೆದುಕೊಂಡು ಪರೀಕ್ಷೆ ಮಾಡಿಸಿ ಬಂದಿದ್ದರು. ಅವನಿಗೆ ಮಾತು ಇನ್ನೂ ಇಲ್ಲ. ಆದರೆ ಬಾಯಾರಿದಾಗ ಲೋಟದ ಚಿತ್ರವಿರುವ ಚೀಟಿಯನ್ನು ತಂದು ತಾಯಿಯ ಕೈಗೆ ಕೊಡುತ್ತಾನೆ. ಹಿಂದಿನ ಪ್ರಶ್ನೆಗೆ ನಾನು ಆಗ ಉತ್ತರ ಕೊಟ್ಟೆನು: “ತಾಯಿ, ಸಿನಿಮಾದವನ ವಿದ್ಯೆ ಇವನಲ್ಲಿ ಇರಲಾರದು. ಅದಕ್ಕಾಗಿ ಕಾಯಬೇಡಿ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಯೋದು ಬಿಟ್ಟೆ ಮೇಷ್ಟ್ರೇ, ನೀರು ಕೇಳ್ತಾನಲ್ಲ” ಎಂದಳು.

ನಮ್ಮ ಚಿತ್ರಗಳಲ್ಲಿ ಯಾವುದಾದರೊಂದು ಆ ನೀರಿನ ಲೋಟದ ಬಳಿಗೆ ಬಂದು ನಿಲ್ಲಲೆಂದು ಹಾರೈಸುತ್ತೇನೆ. ಅಲ್ಲಿಯವರೆಗೆ, ತೆರೆಯ ಮೇಲಿನ ಮುಗ್ಧನಿಗಾಗಿ ಕಣ್ಣೀರಿಟ್ಟು ಹೊರಬಂದವರು ತಮ್ಮ ಬೀದಿಯ ಮಗುವನ್ನು ಹೆಸರು ಹಿಡಿದು ಕರೆಯಲಿ. ಅದು ತಿರುಗದಿದ್ದರೂ ಮತ್ತೊಮ್ಮೆ ಕರೆಯಲಿ.