ಟೆರೇಸಿನ ಮಷೀನು, ಮೆಟ್ಟಿಲ ನಡುವಿನ ಪಂಜರ

ಹಳೆಯ ಲಿಫ್ಟಿನ ಯೋಗ್ಯತೆ ತಿಳಿಯಬೇಕೆಂದರೆ ಮೊದಲು ಟೆರೇಸು ಹತ್ತಬೇಕು. ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಒಂದು ಚಿಕ್ಕ ಕೋಣೆ ಇರುತ್ತದೆ. ಬಾಗಿಲು ತೆಗೆದೊಡನೆ ಗೇರ್ ಎಣ್ಣೆಯ ಘಾಟು ಮೂಗಿಗೆ ಬಡಿಯುತ್ತದೆ. ಅಡ್ಡ ಹಾಕಿದ ಉಕ್ಕಿನ ತೊಲೆಗಳ ಮೇಲೆ ಮಷೀನು ಕೂತಿರುತ್ತದೆ: ಒಂದು ಕಡೆ ಮೋಟಾರು, ಅದಕ್ಕೆ ಹತ್ತಿಕೊಂಡು ಬ್ರೇಕಿನ ಡ್ರಮ್ಮು, ಆಮೇಲೆ ಎರಕದ ಗೇರ್ ಪೆಟ್ಟಿಗೆ, ಅದರ ಪಕ್ಕಕ್ಕೆ ಉಕ್ಕಿನ ಹಗ್ಗಗಳು ಸುತ್ತಿ ಇಳಿಯುವ ದೊಡ್ಡ ಗಾಲಿ. ಪೆಟ್ಟಿಗೆಯೊಳಗೆ ಉಕ್ಕಿನ ಸುರುಳಿಯೊಂದು ಕಂಚಿನ ಹಲ್ಲುಗಾಲಿಯನ್ನು ನಿಧಾನವಾಗಿ ತಿರುಗಿಸುತ್ತದೆ. ಉಕ್ಕು ಗಟ್ಟಿ, ಕಂಚು ಮೆದು. ಎರಡೂ ಉಕ್ಕೇ ಆಗಿದ್ದರೆ ಒಂದನ್ನೊಂದು ಕೆರೆದು ಹಾಳುಮಾಡುತ್ತಿದ್ದವು. ಕಾಲಕಾಲಕ್ಕೆ ಎಣ್ಣೆ ಬದಲಿಸುತ್ತ ಬಂದರೆ ಇಂಥ ಗೇರು ಅರ್ಧ ಶತಮಾನವನ್ನು ಸಲೀಸಾಗಿ ದಾಟುತ್ತದೆ.

ಗೋಡೆಗೆ ಒರಗಿ ಕಂಟ್ರೋಲರಿನ ಕಪ್ಪು ಹಲಗೆ. ಅದರ ಮೇಲೆ ಸಾಲು ಸಾಲು ರಿಲೇಗಳು. ಕೆಳಗೆ ಯಾರೋ ಬಟನ್ ಒತ್ತುತ್ತಾರೆ. ಎಲ್ಲ ಮಹಡಿಯ ಬಾಗಿಲೂ ಮುಚ್ಚಿದ್ದರೆ ಮಾತ್ರ ವಿದ್ಯುತ್ತಿಗೆ ದಾರಿ ಸಿಗುತ್ತದೆ. ಮೊದಲು ಒಂದು ಸಣ್ಣ ರಿಲೇ 'ಟಕ್' ಎನ್ನುತ್ತದೆ, ಬೆನ್ನಿಗೇ ದೊಡ್ಡ ಕಾಂಟ್ಯಾಕ್ಟರು 'ಧಡ್' ಎಂದು ಕೂಡುತ್ತದೆ, ಬ್ರೇಕಿನ ಎರಡು ಕೈಗಳು ಡ್ರಮ್ಮನ್ನು ಬಿಡುತ್ತವೆ, ಮೋಟಾರು ಗುಂಯ್‌ಗುಡುತ್ತದೆ. ಇಲ್ಲಿ ಬ್ರೇಕು ಹಿಡಿಯುವುದು ಸ್ಪ್ರಿಂಗಿನಿಂದ, ಬಿಡುವುದು ವಿದ್ಯುತ್ತಿನಿಂದ. ಕರೆಂಟು ಹೋದ ಕ್ಷಣವೇ ಲಿಫ್ಟು ಇದ್ದಲ್ಲೇ ನಿಲ್ಲುವುದು ಆದ್ದರಿಂದ. ಆಗ ವಾಚ್‌ಮನ್ನು ಮೇಲೆ ಬಂದು, ಮೇನ್ ಸ್ವಿಚ್ ಆರಿಸಿ, ಬ್ರೇಕನ್ನು ಕೈಯಿಂದ ಸಡಿಲಿಸಿ, ಮೋಟಾರಿನ ತುದಿಯ ಚಕ್ರ ತಿರುಗಿಸುತ್ತಾನೆ. ಹಗ್ಗದ ಮೇಲೆ ಬಳಿದ ಬಣ್ಣದ ಗುರುತು ನೋಡಿ ಲಿಫ್ಟು ಮಹಡಿಯ ಮಟ್ಟಕ್ಕೆ ಬಂತೆಂದು ತಿಳಿಯುತ್ತಾನೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಈ ತರ್ಕ ನನಗೆ ಯಾವ ಶಿಲ್ಪಕ್ಕೂ ಕಡಿಮೆಯದಲ್ಲ.

ಲಿಫ್ಟು ಎಲ್ಲಿದೆ ಎಂದು ಆ ಹಲಗೆಗೆ ಗೊತ್ತಾಗುವ ಬಗೆ ಇನ್ನೂ ಸೊಗಸು. ಶಾಫ್ಟಿನ ಗೋಡೆಯಲ್ಲಿ ಮಹಡಿಗೊಂದರಂತೆ ಮೂರು ಸ್ಥಾನದ ಸ್ವಿಚ್ಚು. ಮೇಲೆ ಹೋಗುವ ಲಿಫ್ಟು ಅದರ ಕೈಯನ್ನು ಮೇಲಕ್ಕೆ ತಳ್ಳಿ ಹೋಗುತ್ತದೆ, ಇಳಿಯುವಾಗ ಕೆಳಕ್ಕೆ. ತಳ್ಳಿದ ಕೈ ತಳ್ಳಿದಲ್ಲೇ ಉಳಿಯುತ್ತದೆ. ರಾತ್ರಿಯೆಲ್ಲ ಕರೆಂಟಿಲ್ಲದಿದ್ದರೂ ಬೆಳಿಗ್ಗೆ ಲಿಫ್ಟಿಗೆ ತಾನಿರುವ ಜಾಗದ ನೆನಪಿರುತ್ತದೆ.

ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಎಲಿಶಾ ಓಟಿಸ್ 1854ರಲ್ಲಿ ತಾನು ನಿಂತ ಹಲಗೆಯ ಹಗ್ಗವನ್ನೇ ಕಡಿಸಿ, ಬೀಳದೆ ನಿಂತು ತೋರಿಸಿದ ಕಥೆ ಹಲವರಿಗೆ ಗೊತ್ತು. 1857ರಲ್ಲಿ ಅದೇ ಊರಿನ ಬ್ರಾಡ್‌ವೇಯ ಹಾವಟ್ ಅಂಗಡಿಯಲ್ಲಿ ಅವನ ಪ್ರಯಾಣಿಕರ ಲಿಫ್ಟು ಓಡಿತು. ನಮ್ಮಲ್ಲಿ ಕಲ್ಕತ್ತೆಯ ಗವರ್ನ್‌ಮೆಂಟ್ ಹೌಸಿಗೆ, ಮುಂದೆ ರಾಜಭವನ ಎನಿಸಿಕೊಂಡ ಕಟ್ಟಡಕ್ಕೆ, 1892ರಲ್ಲಿ ಓಟಿಸ್ ಲಿಫ್ಟು ಬಂತು. 1903ರಲ್ಲಿ ತೆರೆದ ಮುಂಬೈಯ ತಾಜ್ ಹೋಟೆಲಿನಲ್ಲಿ ಜರ್ಮನ್ ಲಿಫ್ಟುಗಳಿದ್ದವು. ಅರಮನೆ, ಹೋಟೆಲುಗಳಿಂದ ಇಳಿದು ಲಿಫ್ಟು ಸಂಸಾರವಂದಿಗರ ಮನೆಗೆ ಬಂದದ್ದು 1930ರ ದಶಕದಲ್ಲಿ, ಬ್ಯಾಕ್‌ಬೇಯಲ್ಲಿ ಸಮುದ್ರ ಹಿಮ್ಮೆಟ್ಟಿಸಿ ಪಡೆದ ನೆಲದಲ್ಲಿ ಓವಲ್ ಮೈದಾನದ ಪಶ್ಚಿಮಕ್ಕೂ ಮರೀನ್ ಡ್ರೈವಿನುದ್ದಕ್ಕೂ ಆರ್ಟ್ ಡೆಕೊ ಕಟ್ಟಡಗಳು ಎದ್ದಾಗ. ಬಾಂಬೆ ಲಿಫ್ಟ್ ಕಾಯ್ದೆ ಬಂದದ್ದು 1939ರಲ್ಲಿ. ಕಾನೂನು ಬೇಕಾಗುವಷ್ಟು ಲಿಫ್ಟುಗಳು ಅಷ್ಟರಲ್ಲೇ ಆ ಊರಲ್ಲಿದ್ದವು.

ಆ ಕಾಲದ ಕಟ್ಟಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮೆಟ್ಟಿಲೂ ಲಿಫ್ಟೂ ಕೂಡಿಬಾಳಿದ ರೀತಿ. ಮೆಟ್ಟಿಲುಗಳು ಚೌಕವಾಗಿಯೋ ಅರ್ಧಚಂದ್ರಾಕಾರವಾಗಿಯೋ ಸುತ್ತಿ ಏರುತ್ತವೆ. ನಡುವಿನ ಖಾಲಿಯಲ್ಲಿ ತಂತಿಜಾಲದ ಪಂಜರ, ಅದರೊಳಗೆ ಲಿಫ್ಟು. ಒಳ್ಳೆಯ ಕಟ್ಟಡವಾದರೆ ಬಾಲ್ಕನಿಯ ಸರಳಿನಲ್ಲಿ, ಮೆಟ್ಟಿಲ ಕಟಾಂಜನದಲ್ಲಿ, ಲಿಫ್ಟಿನ ಜಾಲರಿಯಲ್ಲಿ ಒಂದೇ ವಿನ್ಯಾಸ ಮರುಕಳಿಸುತ್ತದೆ: ಸೂರ್ಯಕಿರಣವೋ ಅಲೆಯೋ ಬರಿಯ ಮೂರು ಸಮಾನಾಂತರ ಗೆರೆಗಳೋ. ಒಳಗೆ ತೇಗದ ಹಲಗೆ, ಅಂಚು ಸವರಿದ ಕನ್ನಡಿ, ಲಿಫ್ಟ್‌ಮನ್ನಿಗೆ ಮಡಚುವ ಸ್ಟೂಲು. ಬಾಗಿಲೆಂದರೆ ಎಳೆದು ಮುಚ್ಚುವ ಕೊಲ್ಯಾಪ್ಸಿಬಲ್ ಗೇಟು. ಅದರ ಮೂಲಕ ಮಹಡಿಗಳು ಒಂದೊಂದಾಗಿ ಕೆಳಗಿಳಿಯುವುದನ್ನು ನೋಡುತ್ತ ಏರಬಹುದು: ಯಾರದೋ ಮನೆ ಮುಂದಿನ ರಂಗೋಲಿ, ಇನ್ನೊಬ್ಬರ ಚಪ್ಪಲಿ ಸ್ಟ್ಯಾಂಡು, ಮೂರನೆಯ ಮಹಡಿಯ ಒಗ್ಗರಣೆಯ ಪರಿಮಳ. ಮೆಟ್ಟಿಲ ಕಿಟಕಿಯ ಬೆಳಕು ಜಾಲರಿಯನ್ನು ಹಾದು ಆಚೆಯ ಮನೆಬಾಗಿಲವರೆಗೂ ಬೀಳುತ್ತದೆ.

ಆಧುನೀಕರಣ ಮೊದಲು ಕಸಿಯುವುದು ಈ ಬೆಳಕನ್ನು. ಸ್ಟೀಲಿನ ಆಟೋಮ್ಯಾಟಿಕ್ ಬಾಗಿಲು ಕೂರಿಸಲು ಜಾಲರಿ ಕಿತ್ತು ಅಲ್ಲಿ ಇಟ್ಟಿಗೆಯನ್ನೋ ಹಲಗೆಯನ್ನೋ ಕಟ್ಟುತ್ತಾರೆ. ಮೆಟ್ಟಿಲ ದಾರಿ ಹಗಲಲ್ಲೇ ಕತ್ತಲಾಗುತ್ತದೆ. ಟ್ಯೂಬ್‌ಲೈಟ್ ಬರುತ್ತದೆ, ಗಾಳಿ ನಿಲ್ಲುತ್ತದೆ. ಲಿಫ್ಟಿನ ಕೊಟೇಶನ್ನಿನಲ್ಲಿ ಈ ನಷ್ಟಕ್ಕೆ ಕಾಲಮ್ಮೇ ಇರುವುದಿಲ್ಲ.

ಇಷ್ಟು ವರ್ಷ ಈ ಲಿಫ್ಟುಗಳು ಉಳಿದುಕೊಂಡದ್ದರ ಹಿಂದೆ ಪರಂಪರೆಯ ಮೇಲಿನ ಪ್ರೀತಿಗಿಂತ 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆಯ ಪಾತ್ರವೇ ದೊಡ್ಡದು. ಬಾಡಿಗೆ ಹೆಚ್ಚೂಕಡಿಮೆ ನಿಂತಲ್ಲೇ ನಿಂತಿತು. ಮಾಲೀಕನಿಗೆ ಹೊಸ ಲಿಫ್ಟು ಹಾಕಿಸಲು ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ಹಾಗಾಗಿ ಕೆಟ್ಟದ್ದನ್ನು ರಿಪೇರಿ ಮಾಡುತ್ತಲೇ ಬಂದರು. ಕಾಂಟ್ಯಾಕ್ಟಿನ ತುದಿ ಸುಟ್ಟರೆ ಅರದಿಂದ ಉಜ್ಜಿದರು, ಕಾಯಿಲು ಸುಟ್ಟರೆ ಹೊಸ ತಂತಿ ಸುತ್ತಿಸಿದರು, ಹಗ್ಗ ಸವೆದರೆ ಹಗ್ಗ ಬದಲಾಯಿಸಿದರು. ತಯಾರಿಸಿದ ಕಂಪನಿಗಳೇ ಮುಳುಗಿದರೂ ಮಷೀನು ನಡೆಯಿತು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ ಎಕ್ಸ್‌ಪ್ರೆಸ್ ಕಂಪನಿ ಲಿಫ್ಟುಗಳ ಪರೀಕ್ಷೆಗೆಂದೇ 127 ಮೀಟರ್ ಎತ್ತರದ ಗೋಪುರ ಕಟ್ಟಿ 1982ರಲ್ಲಿ ತೆರೆಯಿತು. ಕಂಪನಿ ಓಟಿಸ್ ಪಾಲಾಯಿತು, ಕಾರ್ಖಾನೆ ಹೋಯಿತು, ಗೋಪುರ ಸಂರಕ್ಷಿತ ಕಟ್ಟಡವಾಗಿ ಇಂದಿಗೂ ನಿಂತಿದೆ.

ಈಗ ನಿವಾಸಿಗಳ ಹೌಸಿಂಗ್ ಸೊಸೈಟಿಗಳ ಕೈಯಲ್ಲಿ ದುಡ್ಡಿದೆ. ಕಮಿಟಿಯ ಮುಂದೆ ಬರುವ ಪ್ರಸ್ತಾವ ಸಾಮಾನ್ಯವಾಗಿ ಒಂದೇ: ಎಲ್ಲವನ್ನೂ ತೆಗೆದು ಹೊಸದು ಹಾಕುವುದು. ಈ ಅಂಕಣದಲ್ಲಿ ನನ್ನ ವಾದವೂ ಒಂದೇ. ಹಳೆಯ ಲಿಫ್ಟಿನಲ್ಲಿ ನಿಜವಾಗಿ ಸವೆಯುವುದು ರಿಲೇಗಳು, ಬಾಗಿಲಿನ ಲಾಕು, ವೈರು, ಹಗ್ಗ, ಬ್ರೇಕಿನ ಲೈನಿಂಗು. ಬಾಳಿಕೆ ಬರುವುದು ಗೇರ್ ಮಷೀನು, ಗೈಡ್ ಹಳಿಗಳು, ಕೌಂಟರ್‌ವೇಟು, ತೇಗದ ಕ್ಯಾಬಿನ್ನು. ಪೂರ್ಣ ಬದಲಾವಣೆಯ ಹೆಸರಿನಲ್ಲಿ ಈ ಎರಡನೆಯ ಪಟ್ಟಿಯೇ ಮೊದಲು ಗುಜರಿಗೆ ಹೋಗುತ್ತದೆ. ಮಾವಿನ ಎಲೆಗೆ ಹುಳ ಹಿಡಿದರೆ ಯಾರೂ ಬುಡಕ್ಕೆ ಕೊಡಲಿ ಹಾಕುವುದಿಲ್ಲ.

ಆದರೆ ಸುರಕ್ಷತೆಯ ಪ್ರಶ್ನೆಯನ್ನು ಯಾವ ಲಿಫ್ಟ್‌ಪ್ರೇಮಿಯೂ ತಳ್ಳಿಹಾಕಬಾರದು. ಕೊಲ್ಯಾಪ್ಸಿಬಲ್ ಗೇಟಿನ ಸಂದಿಯಲ್ಲಿ ಮಗುವಿನ ಕೈ ಹೋಗುತ್ತದೆ, ಕಾಲು ಹೋಗುತ್ತದೆ. ಓಡುತ್ತಿರುವ ಲಿಫ್ಟು ಅದನ್ನು ತಿಳಿಯದು. ಸವೆದ ಲಾಕಿನ ಬಾಗಿಲು ಲಿಫ್ಟಿಲ್ಲದ ಮಹಡಿಯಲ್ಲೂ ತೆರೆದುಕೊಂಡರೆ ಮುಂದಿನ ಹೆಜ್ಜೆ ಶಾಫ್ಟಿನೊಳಕ್ಕೆ. ಒಂದೇ ವೇಗದ ಹಳೆಯ ಮೋಟಾರು ತೂಕಕ್ಕೆ ತಕ್ಕಂತೆ ನಿಲ್ಲುತ್ತದೆ: ತುಂಬಿದ ಲಿಫ್ಟು ಇಳಿಯುವಾಗ ಮಹಡಿಗಿಂತ ತುಸು ಕೆಳಗೆ, ಖಾಲಿ ಲಿಫ್ಟು ಏರುವಾಗ ತುಸು ಮೇಲೆ. ಮೊಣಕಾಲು ನೋವಿನ ಅಜ್ಜಿಗೆ ಆ ಎರಡಂಗುಲ ದೊಡ್ಡ ಮೆಟ್ಟಿಲೇ, ವೀಲ್‌ಚೇರಿಗಂತೂ ಗೋಡೆ. ಇವೆಲ್ಲ ಸರಿಯಾಗಲೇಬೇಕು. ಸರಿಪಡಿಸಲು ಮಷೀನು ಕೀಳಬೇಕೆಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ದಾರಿ ಇದೆ. ಮೋಟಾರಿನ ವೇಗವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವ ವಿವಿವಿಎಫ್ ಡ್ರೈವನ್ನು ಹಳೆಯ ಗೇರಿಗೇ ಜೋಡಿಸಬಹುದು. ಮೊದಲು ಮೋಟಾರಿನ ಇನ್ಸುಲೇಶನ್ ಪರೀಕ್ಷಿಸಬೇಕು. ಅದು ಸೋತಿದ್ದರೆ ಮೋಟಾರನ್ನಷ್ಟೇ ಬದಲಾಯಿಸಿ, ಗೇರು ಉಳಿಸಿಕೊಳ್ಳಿ. ಗೇರಿನ ಹಲ್ಲು ಎಷ್ಟು ಸವೆದಿದೆ ಎಂಬುದನ್ನು ಅನುಭವಸ್ಥ ಮೆಕ್ಯಾನಿಕ್ಕು ಗಾಲಿಯನ್ನು ಹಿಂದೆ ಮುಂದೆ ಆಡಿಸಿಯೇ ಹೇಳಬಲ್ಲ. ಡ್ರೈವು ಬಂದರೆ ಲಿಫ್ಟು ಮಹಡಿಗೆ ಸಮನಾಗಿ ನಿಲ್ಲುತ್ತದೆ, ಹೊರಡುವಾಗ ಕಟ್ಟಡದ ದೀಪಗಳು ಮಂಕಾಗುವುದೂ ತಪ್ಪುತ್ತದೆ. ಲಿಫ್ಟು ತಾನಾಗಿ ಜಾರದಂತೆ ಹಗ್ಗವನ್ನೇ ಹಿಡಿಯುವ ಹೆಚ್ಚುವರಿ ಬ್ರೇಕು ಸಿಗುತ್ತದೆ. ಬಾಗಿಲಿಗೆ ಹೊಸ ಲಾಕು, ಕ್ಯಾಬಿನ್ನಿನ ಹೊಸ್ತಿಲಲ್ಲಿ ಅಡ್ಡ ಬಂದದ್ದನ್ನು ಗುರುತಿಸುವ ಕಣ್ಣಿಗೆ ಕಾಣದ ಕಿರಣಗಳ ಪರದೆ, ಜಾಲರಿಯ ಒಳಮೈಗೆ ಪಾರದರ್ಶಕ ಗಟ್ಟಿ ಗಾಜು. ಬೆಳಕು ಉಳಿಯುತ್ತದೆ, ಮಗುವಿನ ಕೈಯೂ ಉಳಿಯುತ್ತದೆ.

ಇದು ಬರಿಯ ಆಸೆ ಎನ್ನುವವರು ಪ್ಯಾರಿಸ್ಸನ್ನು ನೋಡಬೇಕು. ಐಫೆಲ್ ಗೋಪುರದ ಪೂರ್ವ ಮತ್ತು ಪಶ್ಚಿಮ ಕಾಲುಗಳಲ್ಲಿ 1899ರಲ್ಲಿ ಫೀವ್-ಲಿಲ್ ಕಂಪನಿ ಕೂರಿಸಿದ ನೀರಿನ ಒತ್ತಡದ ಯಂತ್ರವ್ಯವಸ್ಥೆಯನ್ನು ಕಿತ್ತೆಸೆಯದೆ, ಅದಕ್ಕೆ ಕಂಪ್ಯೂಟರ್ ನಿಯಂತ್ರಣ ಜೋಡಿಸಿ ಇಂದಿಗೂ ಜನರನ್ನು ಸಾಗಿಸುತ್ತಾರೆ. ಅದೇ ದೇಶ 2003ರಲ್ಲಿ ಹಳೆಯ ಲಿಫ್ಟುಗಳ ಸುರಕ್ಷತೆಗೆ ಕಠಿಣ ಕಾನೂನು ತಂದಿತು. ಹಂತಹಂತವಾಗಿ ಸುಧಾರಿಸಲು ವರ್ಷಗಳ ಗಡುವು ಕೊಟ್ಟಿತು. ಮೆಟ್ಟಿಲ ನಡುವೆ ಏರಿಳಿಯುವ ಮರದ ಪುಟ್ಟ ಲಿಫ್ಟುಗಳು ಆಮೇಲೂ ಆ ಊರಿನ ಮನೆಗಳಲ್ಲಿ ಉಳಿದಿವೆ.

ನಮ್ಮಲ್ಲಿ ಅಂಥ ಹಂತಗಳಿಲ್ಲ. ಮುಂಬೈಯ ಆರ್ಟ್ ಡೆಕೊ ಸಮೂಹಕ್ಕೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, ಸಂತೋಷ. ಆದರೆ ನಮ್ಮ ಕಾಳಜಿಯೆಲ್ಲ ರಸ್ತೆಗೆ ಕಾಣುವ ಮುಖದ ಮೇಲೆ. ಒಳಗಿನ ಲಿಫ್ಟನ್ನು ಕಟ್ಟಡದ ಭಾಗವೆಂದು ಯಾರೂ ಎಣಿಸುವುದಿಲ್ಲ. ನಲ್ಲಿಯಂತೆ, ಪಂಪಿನಂತೆ ಅದೊಂದು ಸೌಕರ್ಯ, ಅಷ್ಟೇ. ವಾಸ್ತುಶಿಲ್ಪಿ ಮೆಟ್ಟಿಲ ಜೊತೆಗೇ ಕೂತು ಬರೆದ ಜಾಲರಿಯನ್ನು ನಲ್ಲಿಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಈ ವಿಷಯದಲ್ಲಿ ಮೈಸೂರಿನ ಲಲಿತಮಹಲ್ ಅರಮನೆ ಹೋಟೆಲಿಗೆ ನನ್ನ ನಮಸ್ಕಾರವಿದೆ. ಅಲ್ಲಿಯ ಹಳೆಯ ಲಿಫ್ಟು ಅರಮನೆಯ ದೀಪಗುಚ್ಛಗಳಷ್ಟೇ ಗೌರವಕ್ಕೆ ಪಾತ್ರವಾಗಿದೆ. ಮೈಸೂರಿಗೆ ಹೋದವರು ಊಟ ಮುಗಿಸಿ ನೇರ ಹೊರಡದೆ ಅದನ್ನೊಮ್ಮೆ ನಿಂತು ನೋಡಬೇಕು.

ಹಳೆಯದರಲ್ಲಿ ಉಳಿಸಬಾರದ್ದೂ ಇದೆ. ಕೆಲಸದವರು, ಸಾಮಾನು ಹೊರುವವರು ಲಿಫ್ಟು ಬಳಸಕೂಡದು ಎಂಬ ಬೋರ್ಡುಗಳು. ಕರಾವಳಿಯಿಂದ ಮುಂಬೈಗೆ ಬಂದು ಹೋಟೆಲುಗಳಲ್ಲಿ ದುಡಿದ ನಮ್ಮ ಎಷ್ಟೋ ಹುಡುಗರು ಚಹಾದ ಕೆಟ್ಲಿ ಹಿಡಿದು ಹತ್ತಿದ್ದು ಮೆಟ್ಟಿಲನ್ನೇ. ಆ ಬೋರ್ಡು ಎಷ್ಟೇ ಚಂದದ ಹಿತ್ತಾಳೆಯದಾಗಿದ್ದರೂ ಇಳಿಸಿ ಕರಗಿಸಲಿ.

ಲಿಫ್ಟ್‌ಮನ್ನರ ವಿದ್ಯೆ ಮಾತ್ರ ನಮ್ಮ ಕಣ್ಣೆದುರೇ ಹೋಗುತ್ತಿದೆ. ಬಟನ್ನಿಲ್ಲದ, ಹಿತ್ತಾಳೆ ಹಿಡಿಯ ಲಿಫ್ಟಿನಲ್ಲಿ ಕೈ ಬಿಟ್ಟರೆ ಹಿಡಿ ನಡುವಿಗೆ ಬಂದು ಲಿಫ್ಟು ನಿಲ್ಲುತ್ತದೆ. ಎಲ್ಲಿ ಕೈ ಬಿಡಬೇಕೆಂಬುದು ಒಳಗಿರುವವರ ತೂಕಕ್ಕೆ ತಕ್ಕಂತೆ ಬದಲಾಗುತ್ತದೆ. ಫಲಕದಲ್ಲಿ '4 ಜನ, 272 ಕೆಜಿ' ಎಂದಿರುತ್ತದೆ, ತಲೆಗೆ 68 ಕೆಜಿಯ ಲೆಕ್ಕ. ನುರಿತ ಲಿಫ್ಟ್‌ಮನ್ನು ಫಲಕ ನೋಡುವುದಿಲ್ಲ. ಹತ್ತಿದವರನ್ನು ಒಮ್ಮೆ ನೋಡುತ್ತಾನೆ, ಎರಡನೆಯ ಸಲ ಸರಿಮಾಡುವ ಪ್ರಮೇಯವಿಲ್ಲದೆ ಹೊಸ್ತಿಲಿಗೆ ಹೊಸ್ತಿಲು ಕೂಡಿಸುತ್ತಾನೆ. ಡ್ರೈವಿನೊಳಗಿನ ಚಿಪ್ಪು ಮಾಡುವುದೂ ಇದೇ ಲೆಕ್ಕವನ್ನು.

ಆ ಚಿಪ್ಪಿನ ಬಗ್ಗೆ ಒಂದು ಎಚ್ಚರಿಕೆ. ರಿಲೇ ಪ್ಯಾನೆಲನ್ನು ಓದಬಲ್ಲ ಯಾವ ಮೆಕ್ಯಾನಿಕ್ಕಾದರೂ ರಿಪೇರಿ ಮಾಡಬಹುದಿತ್ತು. ಹೊಸ ಬೋರ್ಡುಗಳಲ್ಲಿ ಎಷ್ಟೋ, ತಯಾರಿಸಿದ ಕಂಪನಿಯ ಉಪಕರಣವನ್ನೇ ಚುಚ್ಚದ ಹೊರತು ಬಾಯಿ ಬಿಡುವುದಿಲ್ಲ. ಬೋರ್ಡು ಕೆಟ್ಟು, ಆ ಮಾದರಿಯ ತಯಾರಿಕೆಯೂ ನಿಂತಿದ್ದರೆ ಮತ್ತೆ ಪೂರ್ತಿ ಕಂಟ್ರೋಲರಿನ ಖರ್ಚು. ಸಹಿ ಹಾಕುವ ಮೊದಲು ಕೇಳಿ: ಬೇರೆ ಮೆಕ್ಯಾನಿಕ್ಕು ಇದನ್ನು ತೆರೆಯಬಹುದೇ? ಬಿಡಿಭಾಗ ಎಷ್ಟು ವರ್ಷ ಕೊಡುತ್ತೀರಿ? ಕಂಟ್ರೋಲರು, ಬಾಗಿಲು, ಮಷೀನು, ಕ್ಯಾಬಿನ್ನು ಇವುಗಳಿಗೆ ಬೇರೆಬೇರೆ ದರ ಕೇಳಿ. ಒಟ್ಟು ಮೊತ್ತದ ಒಂದೇ ಸಾಲಿಗೆ ಒಪ್ಪಬೇಡಿ.

ಕಟ್ಟಡವೇ ಪುನರಭಿವೃದ್ಧಿಗೆ ಹೋದರೆ ಈ ಮಾತುಗಳೆಲ್ಲ ವ್ಯರ್ಥ. ಗೇಟುಗಳು ಚೋರ್ ಬಜಾರಿನ ದಾರಿ ಹಿಡಿದು ಯಾವುದೋ ರೆಸ್ಟೋರೆಂಟಿನ ಗೋಡೆ ಸೇರಿಯಾವು, ಮಷೀನಿಗೆ ಮಾತ್ರ ತೂಕದ ಬೆಲೆ. ಉಳಿಯುವ ಕಟ್ಟಡಗಳಲ್ಲಿ ಇರುವವರಿಗೆ ಒಂದು ಕೆಲಸ ಹೇಳುತ್ತೇನೆ. ಈ ಭಾನುವಾರ ಮೆಕ್ಯಾನಿಕ್ಕನ್ನು ಕರೆದುಕೊಂಡು ಮಷೀನ್ ರೂಮಿಗೆ ಹೋಗಿ. ಕಂಟ್ರೋಲರಿನ ಬಾಗಿಲ ಒಳಮೈಯಲ್ಲೋ ಗೋಡೆಯ ಮೊಳೆಗೋ ವೈರಿಂಗಿನ ನೀಲಿ ನಕ್ಷೆ ತೂಗಿರಬಹುದು. ಅದರ ಫೋಟೊ ತೆಗೆದು ಒಂದು ಪ್ರತಿಯನ್ನು ಅವನಿಗೆ ಕೊಡಿ, ಒಂದನ್ನು ಸೊಸೈಟಿಯ ಫೈಲಿನಲ್ಲಿಡಿ. ಆ ಹಾಳೆ ಕಳೆದುಹೋದ ಕಾರಣಕ್ಕೇ ರಿಪೇರಿ ಸಾಧ್ಯವಿಲ್ಲವೆಂದು ಕಿತ್ತೆಸೆದ ಒಳ್ಳೆಯ ಪ್ಯಾನೆಲುಗಳನ್ನು ನಾನು ಕಂಡಿದ್ದೇನೆ.